ಗಾಡಿ ಸ್ಕಿಡ್ ಆಯ್ತು

ಬೇಸಿಗೆಯ ಮೊದಲ ಮಳೆಹನಿ ಬಿದ್ದ ದಿನ ಕತ್ರಿಗುಪ್ಪೆ ಸಿಗ್ನಲ್ ಹತ್ತಿರ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಗಾಡಿ ಸ್ಕಿಡ್ ಆಯ್ತು’. ಕನ್ನಡಿ ಮುರಿದ ಸ್ಕೂಟರನ್ನು ಎತ್ತಿ ನಿಲ್ಲಿಸುತ್ತಾ, ತರಚಿದ ಮೊಣಕೈ ನೋಡಿಕೊಳ್ಳುತ್ತಾ ಹೇಳುವ ಮಾತು. ಬೆಂಗಳೂರಿನಲ್ಲಿ ಕಾಲು ಜಾರುತ್ತದೆ, ಇಲ್ಲವೇ ಸ್ಲಿಪ್ ಆಗುತ್ತದೆ. ಸ್ಕಿಡ್ ಆಗುವುದು ಗಾಡಿಯೇ.

ಆದರೆ ಈ ಪದ ಹುಟ್ಟಿದ್ದು ಜಾರುವುದಕ್ಕಲ್ಲ. 17ನೇ ಶತಮಾನದ ಇಂಗ್ಲಿಷಿನಲ್ಲಿ ಸ್ಕಿಡ್ ಎಂದರೆ ಭಾರದ ವಸ್ತುವಿನ ಅಡಿಗೆ ಕೊಡುವ ಮರದ ದಿಮ್ಮಿ. ಹಿಮದ ಮೇಲೆ ಜಾರುವ ಸ್ಕೀ ಹಲಗೆಯೂ ಇದೂ ಒಂದೇ ಬೇರಿನವು, ಎರಡಕ್ಕೂ ಮೂಲ ಸೀಳಿದ ಮರದ ತುಂಡು ಎಂಬುದು ನಿಘಂಟುಕಾರರ ಊಹೆ. 18ನೇ ಶತಮಾನದ ಹೊತ್ತಿಗೆ ಕುದುರೆಗಾಡಿಯವರು ಇಳಿಜಾರಿನಲ್ಲಿ ಚಕ್ರದ ಅಡಿಗೆ ಸರಪಳಿ ಕಟ್ಟಿದ ಕಬ್ಬಿಣದ ತುಂಡು ಕೊಡುತ್ತಿದ್ದರು. ಅದರ ಹೆಸರೂ ಸ್ಕಿಡ್. ಚಕ್ರ ಅದರ ಮೇಲೆ ಹತ್ತಿ ಕೂತರೆ ಉರುಳುವುದು ನಿಂತು, ಗಾಡಿ ನೆಲ ಉಜ್ಜಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. ಉರುಳದ ಚಕ್ರ ಹಾಗೆ ಎಳೆದುಕೊಂಡು ಹೋಗುವುದಕ್ಕೂ ಅದೇ ಹೆಸರು ಅಂಟಿಕೊಂಡಿತು. 19ನೇ ಶತಮಾನದಲ್ಲಿ ಇಂದಿನ ಅರ್ಥ ಬಂತು. ಬ್ರೇಕಿನ ಹೆಸರು ಅಪಘಾತದ ಹೆಸರಾಯಿತು.

ನಮ್ಮ ‘ಜಾರು’ ಬಹಳ ವಿಶಾಲವಾದ ಪದ. ಮಾತು ಜಾರುತ್ತದೆ, ಹೊತ್ತು ಜಾರುತ್ತದೆ, ಮನುಷ್ಯ ನಿದ್ದೆಗೆ ಜಾರುತ್ತಾನೆ. ಏಕೆ ಜಾರಿತು ಎಂದು ಮಾತ್ರ ಅದು ಹೇಳುವುದಿಲ್ಲ. ಸ್ಕಿಡ್ ಹೆಚ್ಚಿನ ಸಲ ಹೇಳುತ್ತದೆ: ಚಕ್ರ ಉರುಳದೆ ನಿಂತಿದ್ದಕ್ಕೆ. ಹಾಗಾಗಿ ಈ ಎರವಲು ಪದ ನಮ್ಮಲ್ಲಿ ಉಳಿಯಬೇಕಾದದ್ದೇ.

ಮೊದಲ ಮಳೆಯ ದಿನ ಕತ್ರಿಗುಪ್ಪೆಯಲ್ಲಿ ಆಗುವುದೂ ಅದೇ. ಹೊರವರ್ತುಲ ರಸ್ತೆಯ ಮೇಲೆ ತಿಂಗಳುಗಟ್ಟಲೆ ಕೂತ ದೂಳು, ತೊಟ್ಟಿಕ್ಕಿದ ಎಣ್ಣೆ, ಸವೆದ ಟೈರಿನ ಪುಡಿ ಮೊದಲ ತುಂತುರಿಗೆ ನೆನೆದು ಲೋಳೆಯಾಗುತ್ತವೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ತುಂತುರು ತೊಳೆಯುವುದಿಲ್ಲ. ಮುಂದಿನ ಆಟೋ ಗಕ್ಕನೆ ನಿಂತಿತೆಂದು ಸವಾರ ಬ್ರೇಕನ್ನು ಬಿಗಿಯಾಗಿ ಅದುಮುತ್ತಾನೆ. ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಉರುಳದ ಮುಂಚಕ್ರ ಹ್ಯಾಂಡಲ್ಲಿನ ಮಾತನ್ನೂ ಕೇಳುವುದಿಲ್ಲ. ಎಬಿಎಸ್ ಮಾಡುವ ಕೆಲಸ ಇಷ್ಟೇ: ಚಕ್ರ ಪೂರ್ತಿ ನಿಲ್ಲುವ ಮೊದಲು ಬ್ರೇಕನ್ನು ಕ್ಷಣಕಾಲ ಸಡಿಲಿಸಿ ಮತ್ತೆ ಹಿಡಿಯುವುದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಅದು ಕಡ್ಡಾಯವಾಯಿತು. ಚಿಕ್ಕ ಗಾಡಿಗಳಿಗೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚುವ ಸಿಬಿಎಸ್ ಸಾಕೆಂದರು, ಅದು ಚಕ್ರ ಬಿಗಿಯುವುದನ್ನು ತಡೆಯುವುದಿಲ್ಲ. ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳಲ್ಲಿ ಎರಡೂ ಇಲ್ಲ.

ನಿಮ್ಮದು ಅಂಥ ಗಾಡಿಯಾದರೆ, ಹನಿ ಬೀಳುತ್ತಿದ್ದಂತೆ ವೇಗ ಇಳಿಸಿ, ಮುಂದಿನ ಗಾಡಿಯಿಂದ ದೂರ ಉಳಿಯಿರಿ, ಎರಡೂ ಬ್ರೇಕನ್ನು ಮೆಲ್ಲಗೆ ಒಟ್ಟಿಗೆ ಹಿಡಿಯಿರಿ.