ರೋಣದ ಮನೆಗೆ ಬಂದ ಹಸಿರು ನಂಬರ್ ಪ್ಲೇಟ್

ನರಗುಂದ, ರೋಣ, ಗಜೇಂದ್ರಗಡ. ನಕ್ಷೆ ತೆಗೆದು ನೋಡಿದರೆ ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚುಕಡಿಮೆ ಒಂದೇ ಗೆರೆ ಮೇಲೆ ಕೂತಿರುವ ಊರುಗಳು. ನಮ್ಮ ಮನೆ ನಡುವಿನ ರೋಣದಲ್ಲಿ. ಅಕ್ಕನನ್ನು ಕೊಟ್ಟಿದ್ದು ನರಗುಂದಕ್ಕೆ. ಹೆಂಡತಿ ಪಾಠ ಮಾಡೋದು ಗಜೇಂದ್ರಗಡದ ಕಾಲೇಜಿನಲ್ಲಿ. ನಾನು ಬೆಂಗಳೂರಿನ ಕಂಪನಿಗೆ ಮನೆಯಲ್ಲೇ ಕೂತು ಕೋಡ್ ಬರೆಯುವವನು. ಅವಳಿಗೆ ದಿನಾ ಹೋಗಿ ಬರೋದು ಸುಮಾರು 60 ಕಿ.ಮೀ. "ಇನ್ನೊಂದ್ ವರ್ಷ ಹಿಂಗ ಬಸ್ಸಿನ್ಯಾಗ ಅಡ್ಡಾಡೋದು ನನ್ನ ಕಡೆ ಆಗೂದಿಲ್ರೀ. ಒಂದೋ ಅಲ್ಲೇ ಮನಿ ಮಾಡೂಣು, ಇಲ್ಲಾ ಕೆಲಸ ಬಿಡ್ತೀನಿ" ಅಂದಳು. ಅಲ್ಲೇ ಮನೆ ಮಾಡಿದರೆ ಅಪ್ಪ, ಅವ್ವ ಇಬ್ಬರೇ. ಅವ್ವನ ಮೊಣಕಾಲು ನೋವು ಬೇರೆ. ಐದು ವರ್ಷದಲ್ಲಿ ಕೂಡಿಟ್ಟ ಏಳು ಲಕ್ಷ ಬ್ಯಾಂಕಿನಲ್ಲಿತ್ತು. ಅದು ಕಾರಿಗೆ ಅಂತ ತೀರ್ಮಾನವಾಯಿತು. ಯಾವ ಕಾರು ಅನ್ನೋದೇ ಜಗಳ.

ನನಗೆ ಬೇಕಾಗಿದ್ದು ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್. ಅದರಲ್ಲೂ ಕಾಲಿಟ್ಟ ತಕ್ಷಣ ಚಿಮ್ಮುವಂಥದ್ದು. (ಮೂವತ್ತಕ್ಕೆ ಇಷ್ಟು ಆಸೆ ಇರಲಿ ಬಿಡಿ.) ಕಡಿಮೆ ದುಡ್ಡಿಗೆ ಹಳೇ ರೇವಾ, ಇ2ಓ ಕಣ್ಣಿಗೆ ಬಿದ್ದವು. ರೇವಾ ನಮ್ಮ ಬೆಂಗಳೂರಿನ ಕೂಸು. ಚೇತನ್ ಮೈನಿ ಅವರ ಕಂಪನಿ 2001ರಲ್ಲೇ ಮಾರುಕಟ್ಟೆಗೆ ತಂದು, ಲಂಡನ್‌ನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿಸಿದ ಗಾಡಿ. ಹೆಮ್ಮೆ ಬೇರೆ, ದಿನದ ಓಡಾಟ ಬೇರೆ. ಅಷ್ಟು ಹಳೆಯ ಬ್ಯಾಟರಿ ನಂಬಿ ಹೆಂಡತಿಯನ್ನು ಸೂಡಿ ದಾರಿಯಲ್ಲಿ ನಿಲ್ಲಿಸೋಕೆ ಆಗಲ್ಲ. ಕಡೆಗೆ ಉಳಿದದ್ದು ಟಾಟಾ ಟಿಯಾಗೊ ಇವಿ, 24 ಕಿಲೋವ್ಯಾಟ್-ಅವರ್ ಬ್ಯಾಟರಿಯದು. ಸ್ಪೋರ್ಟ್ ಮೋಡ್ ಇದೆ. ಸೊನ್ನೆಯಿಂದ 60ಕ್ಕೆ 5.7 ಸೆಕೆಂಡ್ ಅಂತ ಕಂಪನಿ ಹೇಳುತ್ತೆ. ಹೊಸತು ನಮ್ಮ ಬಜೆಟ್ಟಿಗೆ ಮೀರಿದ್ದು. ಹುಬ್ಬಳ್ಳಿಯಲ್ಲಿ ಒಬ್ಬ ಬ್ಯಾಂಕ್ ನೌಕರರು ವರ್ಗಾವಣೆ ಆಗಿದೆ ಅಂತ 2023ರ ಗಾಡಿ ಮಾರೋಕಿಟ್ಟಿದ್ದರು. 31 ಸಾವಿರ ಕಿ.ಮೀ. ಓಡಿತ್ತು. ಕೇಳಿದ್ದು 6 ಲಕ್ಷ 90 ಸಾವಿರ.

ಪೆಟ್ರೋಲ್ ಗಾಡಿ ಆಗಿದ್ದರೆ ಗೊತ್ತಿರೋ ಮೇಸ್ತ್ರಿಯನ್ನು ಕರ್ಕೊಂಡು ಹೋಗಿ, ಬಾನೆಟ್ ಎತ್ತಿ, ಹೊಗೆ ನೋಡಿ ಮುಗಿಸಬಹುದಿತ್ತು. ಇದರಲ್ಲಿ ಜೀವ ಇರೋದು ಕಾರಿನ ಹೊಟ್ಟೆಯಡಿ, ಕಣ್ಣಿಗೆ ಕಾಣಲ್ಲ. ಪರದೆ ಮೇಲೆ ಶೇ 100 ಅಂತ ತೋರಿಸಿದರೆ ಬ್ಯಾಟರಿ ಹೊಸದರಂತೆ ಇದೆ ಅಂತಲ್ಲ. ಬಿಂದಿಗೆ ತುಂಬಿದೆ ಅಂತಷ್ಟೇ. ಬಿಂದಿಗೆಯೇ ಚಿಕ್ಕದಾಗಿದೆಯಾ ಅನ್ನೋದು ಬೇರೆ ಲೆಕ್ಕ.

ಆ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ಆನ್‌ಲೈನ್‌ನಲ್ಲಿ ಸಿಗೋ 16 ಆಂಪಿಯರ್‌ನ ಎನರ್ಜಿ ಮೀಟರ್ ತಗೊಂಡು ಹೋದೆ. "ಸರ್, ಗಾಡಿ ಶೇ 20ಕ್ಕೆ ಇಳಿಸಿಡಿ, 80 ಆಗೋವರೆಗೂ ನಿಮ್ಮಲ್ಲೇ ಚಾರ್ಜ್ ಮಾಡೋಣ" ಅಂತ ಮೊದಲೇ ಫೋನ್ ಮಾಡಿದ್ದೆ. 3.3 ಕಿಲೋವ್ಯಾಟ್ ಚಾರ್ಜರಿಗೆ ಅದು ಐದು ತಾಸಿನ ಕೆಲಸ. ಪಾಪ, ಅವರ ಮನೆಯಲ್ಲಿ ಎರಡು ಸಲ ಚಹಾ, ಒಮ್ಮೆ ಊಟ ಆಯಿತು. 24ರಲ್ಲಿ ಶೇ 60 ಅಂದರೆ 14.4 ಯೂನಿಟ್. ಚಾರ್ಜಿಂಗ್‌ನಲ್ಲಿ ಶೇ 12ರಷ್ಟು ಸೋರುತ್ತೆ ಅಂತ ಹಿಡಿದರೆ, ಹೊಸ ಬ್ಯಾಟರಿಗೆ ಮೀಟರ್ 16.3ರ ಹತ್ತಿರ ತೋರಿಸಬೇಕು. ಬಂದಿದ್ದು 15.6. ಅಂದರೆ ಶೇ 95ರಷ್ಟು ಜೀವ ಇದೆ. ಇದು ಅಂದಾಜು ಲೆಕ್ಕ, ಅದಕ್ಕೇ ಮರುದಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿದೆ. ಎರಡೂ ತಾಳೆಯಾದವು. ಅಲ್ಲೇ ಗಾಡಿ ಎತ್ತಿಸಿ ಬ್ಯಾಟರಿ ಪೆಟ್ಟಿಗೆಯ ತಳಕ್ಕೆ ಹೊಡೆತ ಬಿದ್ದಿದೆಯಾ ಅಂತಲೂ ನೋಡಿದೆ. ನಮ್ಮ ಕಡೆ ಹಂಪ್‌ಗಳು ಹೇಗಿರ್ತಾವೆ ಅಂತ ಗೊತ್ತಲ್ಲ! ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಬ್ಯಾಟರಿ ವಾರಂಟಿ ನಿಮ್ಮ ಹೆಸರಿಗೆ ಹೇಗೆ ಬರುತ್ತೆ, ಏನು ಷರತ್ತು ಅಂತ ಇಲ್ಲೇ ಕೇಳಿ, ಬರೆಸಿಕೊಳ್ಳಿ. ಮುಂದಿನ ಟೈರ್ ಎರಡೂ ಸವೆದಿದ್ದವು. ಸ್ಪೋರ್ಟ್ ಮೋಡಿನ ಖುಷಿಗೆ ಟೈರೇ ಬೆಲೆ ಕಟ್ಟೋದು. ಅದನ್ನೇ ಹಿಡಿದು ಚೌಕಾಸಿ ಮಾಡಿ 6 ಲಕ್ಷ 60 ಸಾವಿರಕ್ಕೆ ಮುಗಿಸಿದೆವು.

ಅಪ್ಪ ಒಪ್ಪಿರಲಿಲ್ಲ. ಅವರ ತಕರಾರು ಬ್ಯಾಟರಿ ಬಗ್ಗೆ ಅಲ್ಲ, ಗೃಹಜ್ಯೋತಿ ಬಗ್ಗೆ. "ಅಲ್ಲೋ, ಸೊನ್ನಿ ಬಿಲ್ ಬರೂದನ್ನ ಬಿಟ್ಟು, ರೊಕ್ಕ ಕೊಟ್ಟು ಕರೆಂಟ್ ತಗೋಂತಿಯೇನು?" ಪ್ರಶ್ನೆ ಸರಿಯಾದದ್ದೇ. ತಿಂಗಳಿಗೆ 1,500 ಕಿ.ಮೀ.ಗೆ ಸುಮಾರು 190 ಯೂನಿಟ್ ಬೇಕು. ಮನೆಯ 90 ಸೇರಿದರೆ 280. ಬಳಕೆ 200 ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೂ 1,800ರ ಮೇಲೆ. ಆದರೆ ಅಷ್ಟೇ ದೂರಕ್ಕೆ ಲೀಟರಿಗೆ 17 ಕಿ.ಮೀ. ಕೊಡೋ ಪೆಟ್ರೋಲ್ ಕಾರಿಗೆ 9 ಸಾವಿರ ಬೇಕು. ಕಾಗದದ ಮೇಲೆ ಬರೆದು ತೋರಿಸಿದೆ. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಕೂಡಿ ನೋಡಿ, "ಆತು, ವೈರಿಂಗ್ ಮೊದಲ ಸರಿ ಮಾಡ್ಸು" ಅಂದರು.

ಆ ಮಾತಂತೂ ನೂರಕ್ಕೆ ನೂರು. ಹಳೇ ಮನೆಯ ಸಾಕೆಟ್ಟಿಗೆ ಗಾಡಿ ಸಿಕ್ಕಿಸಿ ರಾತ್ರಿ ಮಲಗಬೇಡಿ. ಚಾರ್ಜರ್ ತಾಸುಗಟ್ಟಲೆ 14-15 ಆಂಪಿಯರ್ ಎಳೀತಾನೇ ಇರುತ್ತೆ, ಮಿಕ್ಸಿಯಂಗೆ ಎರಡು ನಿಮಿಷ ಅಲ್ಲ. ಮೀಟರಿನಿಂದ ನೇರ 4 ಚದರ ಮಿ.ಮೀ. ತಾಮ್ರದ ವೈರ್, ಬೇರೆಯದೇ ಎಂಸಿಬಿ, ಆರ್‌ಸಿಸಿಬಿ, ಹೊಸ ಅರ್ಥಿಂಗ್ ಗುಂಡಿ ಮಾಡಿಸಿದೆವು. ಅರ್ಥಿಂಗ್ ಸರಿ ಇಲ್ಲದಿದ್ದರೆ ಗಾಡಿ ಚಾರ್ಜೇ ತಗೊಳ್ಳದೆ ಇರಬಹುದು. ಮಂಜೂರಾದ ಲೋಡ್ ಹೆಚ್ಚಿಸೋಕೆ ಹೆಸ್ಕಾಂಗೆ ಅರ್ಜಿಯನ್ನೂ ಕೊಟ್ಟೆವು. ಸಂಜೆ ವೋಲ್ಟೇಜ್ ಬೀಳುತ್ತೆ ಅಂತ ರಾತ್ರಿ 11ರ ಮೇಲೆ ಚಾರ್ಜ್ ಹಚ್ತೀವಿ.

ಕಂಪನಿ ಹೇಳಿದ 315 ಕಿ.ಮೀ. ಮರೆತುಬಿಡಿ. ಎಸಿ ಹಾಕಿ, ನಾಲ್ಕು ಜನ ಕೂತು, ನಮಗೆ ಸಿಗೋದು 180ರಿಂದ 190. ಗಜೇಂದ್ರಗಡಕ್ಕೆ ಹೋಗಿ ಬಂದರೂ ಅರ್ಧಕ್ಕಿಂತ ಜಾಸ್ತಿ ಉಳಿದಿರುತ್ತೆ. ಅಕ್ಕನ ಮನೆಗೂ ಚಿಂತೆ ಇಲ್ಲ. ಹುಬ್ಬಳ್ಳಿ ನೂರರ ಹತ್ತಿರ, ಅಲ್ಲಿ ಚಾರ್ಜ್ ಮಾಡಿಕೊಂಡೇ ಹೊರಡಬೇಕು. ಆ್ಯಪ್ ತೋರಿಸೋ ಚಾರ್ಜರ್‌ಗಳೆಲ್ಲ ಆ ದಿನ ನಡೀತಿರ್ತಾವೆ ಅಂತ ನಂಬಿ ಮಾತ್ರ ಹೊರಡಬೇಡಿ. ಸ್ಪೋರ್ಟ್ ಮೋಡ್ ಹೆಂಡತಿಗೇ ಹೆಚ್ಚು ಇಷ್ಟ. ಕಬ್ಬಿನ ಟ್ರ್ಯಾಕ್ಟರ್ ದಾಟುವಾಗ ಬೇಕಾಗುತ್ತೆ ಅಂತಾಳೆ. ಗಜೇಂದ್ರಗಡ ಹತ್ತಿರವಾದಂತೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗೋದು ಕಾಣುತ್ತೆ. "ನಮ್ಮ ಪೆಟ್ರೋಲ್ ಬಂಕ್" ಅಂತ ಅವಳು ಅದಕ್ಕೆ ಹೆಸರಿಟ್ಟಿದ್ದಾಳೆ.

ಕಾಗದಪತ್ರದ ವಿಷಯ ಚುಟುಕಾಗಿ: ಫಾರ್ಮ್ 29, 30. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಜತೆ ಫಾರ್ಮ್ 35. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ರಾಜ್ಯದೊಳಗೇ ಆದ್ದರಿಂದ ಹುಬ್ಬಳ್ಳಿಯ ಕೆಎ-63 ನಂಬರ್ ಹಾಗೇ ಉಳಿಯಿತು, ಗದಗದ ಕೆಎ-26 ಆಗಬೇಕಿಲ್ಲ. ಇನ್ನೊಂದು ಮಾತು: ಹಳೇ ಇವಿ ಮೇಲಿನ ಜಿಎಸ್‌ಟಿಯನ್ನು 2024ರ ಡಿಸೆಂಬರ್‌ನಲ್ಲಿ ಶೇ 12ರಿಂದ 18ಕ್ಕೆ ಏರಿಸಲು ನಿರ್ಧಾರವಾಯಿತು. ಅದು ಡೀಲರ್‌ಗಳ ಲಾಭಾಂಶದ ಮೇಲೆ ಮಾತ್ರ. ನಮ್ಮಂತೆ ಮಾಲೀಕರಿಂದ ನೇರ ಕೊಂಡರೆ ಆ ತೆರಿಗೆ ಇಲ್ಲ. ಉಳಿದ 40 ಸಾವಿರದಲ್ಲಿ ವೈರಿಂಗ್ ಮತ್ತು ಎರಡು ಟೈರ್ ಮುಗಿದವು.