ಕರವಸ್ತ್ರ ಬೀಳಿಸಿದ ಅಡ್ಮಿರಲ್



ಯುದ್ಧದಲ್ಲಿ ಶತ್ರುವಿನ ಗುಂಡಿಗೆ ಸತ್ತ ನೌಕಾಧಿಕಾರಿಗಳು ಬಹಳ ಮಂದಿ. ತನ್ನ ದೇಶದವರ ಗುಂಡಿಗೇ ಎದೆಯೊಡ್ಡಿದ ಒಬ್ಬನ ಕಥೆ ಇಂದು ಹೇಳುತ್ತೇನೆ. ಬ್ರಿಟನ್ನಿನ ಅಡ್ಮಿರಲ್ ಜಾನ್ ಬಿಂಗ್.

ಹುಟ್ಟಿದ್ದು 1704ರಲ್ಲಿ. ತಂದೆಯೂ ಹೆಸರುವಾಸಿ ಅಡ್ಮಿರಲ್. ಹದಿಮೂರಕ್ಕೆ ಹಡಗು ಹತ್ತಿದ ಹುಡುಗ ಇಪ್ಪತ್ತಮೂರಕ್ಕೆ ಕ್ಯಾಪ್ಟನ್ ಆದ. ಅಪ್ಪನ ಹೆಸರಿದ್ದರೆ ಬಡ್ತಿಗೆ ತಡವೇನು?

1756ರಲ್ಲಿ ಫ್ರೆಂಚರು ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪಕ್ಕಿಳಿದು ಅಲ್ಲಿನ ಬ್ರಿಟಿಷ್ ಕೋಟೆಯನ್ನು ಮುತ್ತಿದರು. ಅದನ್ನು ಉಳಿಸಲು ಬಿಂಗ್‌ನನ್ನು ಹತ್ತು ಹಡಗುಗಳೊಡನೆ ಕಳಿಸಿದರು. ನಾವಿಕರು ಸಾಲದು, ಕೆಲವು ಹಡಗುಗಳ ಸ್ಥಿತಿಯೂ ಅಷ್ಟಕ್ಕಷ್ಟೆ. ಮೇ 20ರಂದು ಕಾಳಗವಾಯಿತು. ಮುಂದಿನ ಹಡಗುಗಳು ಫ್ರೆಂಚರ ಪೆಟ್ಟನ್ನೆಲ್ಲ ತಿಂದವು. ಬಿಂಗ್ ಇದ್ದ ಹಿಂದಿನ ಸಾಲು ದೂರವೇ ಉಳಿಯಿತು. ಸಾಲು ಬಿಟ್ಟು ನೇರ ನುಗ್ಗೋಣವೆಂದು ಅವನ ಕ್ಯಾಪ್ಟನ್ ಸೂಚಿಸಿದ. ಬಿಂಗ್ ಒಪ್ಪಲಿಲ್ಲ. ಏಕೆ ಗೊತ್ತೇ? 1744ರ ತೂಲೋನ್ ಕಾಳಗದಲ್ಲಿ ಸಾಲು ಮುರಿದು ನುಗ್ಗಿದ ಅಡ್ಮಿರಲ್ ಮ್ಯಾಥ್ಯೂಸ್ ನೌಕರಿಯನ್ನೇ ಕಳೆದುಕೊಂಡಿದ್ದ. ಆ ವಿಚಾರಣೆಯ ನ್ಯಾಯಪೀಠದಲ್ಲಿ ಬಿಂಗ್ ಸಹ ಕುಳಿತಿದ್ದ!

ಕಾಳಗದಲ್ಲಿ ಯಾರ ಹಡಗೂ ಮುಳುಗಲಿಲ್ಲ. ನಾಲ್ಕು ದಿನದ ಬಳಿಕ ಬಿಂಗ್ ಅಧಿಕಾರಿಗಳ ಸಭೆ ಕರೆದು ಜಿಬ್ರಾಲ್ಟರಿಗೆ ಮರಳಿದ. ಜೂನ್ ಕೊನೆಗೆ ಕೋಟೆ ಬಿತ್ತು.

ಲಂಡನ್ನಿನಲ್ಲಿ ಜನ ಕೆರಳಿ ಅವನ ಪ್ರತಿಕೃತಿ ಸುಟ್ಟರು. ಸರಕಾರ ಅವನ ವರದಿಯಲ್ಲಿ ತನಗೆ ಹಿಡಿಸದ ಸಾಲುಗಳನ್ನು ಕತ್ತರಿಸಿ ಅಚ್ಚು ಹಾಕಿಸಿತು. ಸೇನಾ ನ್ಯಾಯಾಲಯ ಒಂದು ತಿಂಗಳು ವಿಚಾರಿಸಿ, ಇವನು ಹೇಡಿಯಲ್ಲ, ದ್ರೋಹಿಯೂ ಅಲ್ಲ, ಆದರೆ ಕೈಲಾದಷ್ಟನ್ನು ಮಾಡಲಿಲ್ಲ ಎಂದಿತು. ಹಿಂದೆ ಆ ಕಲಮಿನಲ್ಲಿ 'ಮರಣದಂಡನೆ ಅಥವಾ ಬೇರೆ ಶಿಕ್ಷೆ' ಎಂದಿತ್ತು. 1749ರಲ್ಲಿ ಆ 'ಅಥವಾ' ಹೋಗಿ ಮರಣವೊಂದೇ ಉಳಿದಿತ್ತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸರ್ಕ್ಯುಲರಿನ ಒಂದು ಪದ ಏನೆಲ್ಲ ಮಾಡೀತೆಂದು ಬಲ್ಲೆ. ಆದರೆ ನಮ್ಮಲ್ಲಿ ಹೆಚ್ಚೆಂದರೆ ಒಂದು ಇನ್‌ಕ್ರಿಮೆಂಟು ಹೋಗುತ್ತಿತ್ತು.

ಶಿಕ್ಷೆ ಕೊಟ್ಟ ನ್ಯಾಯಾಧೀಶರೇ ಕ್ಷಮೆಗೆ ಶಿಫಾರಸು ಮಾಡಿದರು. ದೊರೆ ಎರಡನೆಯ ಜಾರ್ಜ್ ಒಪ್ಪಲಿಲ್ಲ. 1757ರ ಮಾರ್ಚ್ 14ರಂದು, ಪೋರ್ಟ್ಸ್‌ಮತ್‌ನಲ್ಲಿ ನಿಂತಿದ್ದ 'ಮೊನಾರ್ಕ್' ಹಡಗಿನ ಮೇಲೆ ಬಿಂಗ್ ಮೆತ್ತೆಯ ಮೇಲೆ ಮೊಣಕಾಲೂರಿದ. ಗುಂಡು ಹಾರಿಸಲು ಸನ್ನೆಯಾಗಿ ತಾನೇ ಕರವಸ್ತ್ರ ಬೀಳಿಸಿದ.

1779ರಲ್ಲಿ ಕಾನೂನಿಗೆ ಆ 'ಅಥವಾ' ಮರಳಿ ಬಂತು. 2007ರಲ್ಲಿ ವಂಶಸ್ಥರು ಮರಣೋತ್ತರ ಕ್ಷಮೆ ಕೇಳಿದಾಗಲೂ ಬ್ರಿಟಿಷ್ ರಕ್ಷಣಾ ಇಲಾಖೆ ಆಗದು ಎಂದಿತು.