ತಟ್ಟೆ ಎತ್ತುವವರು

ಹಳೆಯ ಉಡುಪಿ ಹೋಟೆಲುಗಳಲ್ಲಿ ತಿಂಡಿ ತಂದಿಟ್ಟವನು ತಟ್ಟೆ ಎತ್ತುತ್ತಿರಲಿಲ್ಲ. ತಂದು ಕೊಡುವವನು ಸಪ್ಲೈಯರ್. ತಿಂದು ಬಿಟ್ಟ ತಟ್ಟೆ ಎತ್ತಿ, ಟೇಬಲ್ ಒರೆಸಿ, ಲೋಟಗಳನ್ನು ಬಕೆಟ್ಟಿಗೆ ಹಾಕಿಕೊಂಡು ಹೋಗುವವನು ಕ್ಲೀನರ್. ಒಳಗೆ ಒಲೆಯ ಮುಂದೆ ಭಟ್ಟರು, ಬಾಗಿಲ ಬಳಿ ಗಲ್ಲೆಯಲ್ಲಿ ಧಣಿ. ಹೊಸದಾಗಿ ಸೇರಿದ ಹುಡುಗ ಶುರುಮಾಡುತ್ತಿದ್ದದ್ದು ತಟ್ಟೆ ಎತ್ತುವುದರಿಂದಲೇ. ಅವನ ಕೈಗೆ ಕಾಫಿ ಲೋಟದ ಟ್ರೇ ಬಂದ ದಿನ ಅವನಿಗೆ ಬಡ್ತಿ ಸಿಕ್ಕಿತೆಂದೇ ಲೆಕ್ಕ.

ಈ ಮೇಲು ಕೀಳನ್ನು ಶ್ರಮ ನೋಡಿ ನಿಗದಿ ಮಾಡಿದ್ದಲ್ಲ. ಗ್ರೈಂಡರ್ ಬರುವ ಮೊದಲು ರುಬ್ಬುಗಲ್ಲಿನ ಮುಂದೆ ಗಂಟೆಗಟ್ಟಲೆ ಕೂತು ಹಿಟ್ಟು ರುಬ್ಬುವವನ ತೋಳು ಕ್ಲೀನರನ ತೋಳಿಗಿಂತ ಹೆಚ್ಚು ನೋಯುತ್ತಿತ್ತು. ಆದರೂ ಅವನು ಅಡುಗೆಮನೆಯವನು, ಭಟ್ಟರ ಕಡೆಯವನು. ಕ್ಲೀನರ್ ಕೆಳಗಾದದ್ದು ಅವನು ಮುಟ್ಟುವ ವಸ್ತುವಿನಿಂದ. ಅದು ಎಂಜಲು. ಉಂಡ ಎಲೆ ತೆಗೆಯುವುದು, ಮುಸುರೆ ತಿಕ್ಕುವುದು, ಕಸ ಗುಡಿಸುವುದು, ಕೂದಲು ಕತ್ತರಿಸುವುದು, ಬಟ್ಟೆ ಒಗೆಯುವುದು: ನಮ್ಮ ಸಮಾಜ ಯಾವ ಕೆಲಸವನ್ನು ಕೀಳು ಎಂದು ಕರೆದಿದೆಯೋ ಅವುಗಳಲ್ಲಿ ಹೆಚ್ಚಿನವು ಇನ್ನೊಬ್ಬರ ಮೈಯಿಂದ, ಬಾಯಿಂದ ಹೊರಬಂದದ್ದನ್ನು ಮುಟ್ಟುವ ಕೆಲಸಗಳು. ಕೆಲಸಕ್ಕೆ ಎಷ್ಟು ಜಾಣ್ಮೆ ಬೇಕು, ಅದು ನಿಂತರೆ ಎಷ್ಟು ತೊಂದರೆಯಾಗುತ್ತದೆ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಮಡಿ ಮೈಲಿಗೆಯ ಹಳೆಯ ಪಟ್ಟಿಯೇ ಸಂಬಳದ ಪಟ್ಟಿಯಾಗಿಯೂ ಮುಂದುವರಿದಿದೆ.

ಹೋಟೆಲುಗಳು ಈ ಪಟ್ಟಿಯಿಂದ ಹೊರಗೇನೂ ಇರಲಿಲ್ಲ. ಅಡುಗೆಯವರು ಬ್ರಾಹ್ಮಣರು ಎನ್ನುವುದೇ ಆ ಕಾಲದ ಹೋಟೆಲುಗಳ ಜಾಹೀರಾತು. ಜಾತಿ ನೋಡಿ ಬೇರೆ ಬೇರೆ ಕೂರಿಸುವ ಪದ್ಧತಿಯೂ ಇತ್ತು. ಹೋಟೆಲಿಗೆ ಬರುವ ಹಕ್ಕು ಎಲ್ಲರದು ಎಂದು ಸಂವಿಧಾನದ 15ನೇ ವಿಧಿ ಹೇಳಿದ ಮೇಲೂ ಬೋರ್ಡಿನ ಮೇಲಿನ ‘ಬ್ರಾಹ್ಮಣ’ ಪದ ಉಳಿದುಕೊಂಡಿತ್ತು. ಮದರಾಸಿನ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಮುಂದೆ 1957ರಲ್ಲಿ ಪೆರಿಯಾರ್ ಚಳವಳಿ ನಡೆಸಿದ್ದು ಆ ಪದವನ್ನು ತೆಗೆಸುವುದಕ್ಕಾಗಿ.

ವಿಶೇಷವೆಂದರೆ ಇದೇ ಹೋಟೆಲುಗಳು ಆ ಪಟ್ಟಿಯನ್ನು ಒಳಗಿನಿಂದ ಸಡಿಲಿಸಿದವು. ಕರಾವಳಿಯ ಬಡತನ ಇದಕ್ಕೆ ಕಾರಣ. ಸಣ್ಣ ಹಿಡುವಳಿ, ದೊಡ್ಡ ಸಂಸಾರ, 1923ರ ಮಹಾ ನೆರೆಯಂಥ ಹೊಡೆತಗಳು, ಮುಂದೆ 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಕೈಬಿಟ್ಟ ಕುಟುಂಬಗಳ ಪರದಾಟ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಕಾರಣದಿಂದ ಹುಡುಗರು ಮದರಾಸು, ಬೆಂಗಳೂರು, ಮುಂಬಯಿಯ ದಾರಿ ಹಿಡಿದರು. ಮನೆಯಲ್ಲಿ ತಾನು ಉಂಡ ಎಲೆಯನ್ನೂ ತೆಗೆದು ಅಭ್ಯಾಸವಿಲ್ಲದವನು ಅಲ್ಲಿ ಗುರುತು ಪರಿಚಯವಿಲ್ಲದ ನೂರಾರು ಜನರ ಎಂಜಲು ತಟ್ಟೆ ತೊಳೆದ. ಊರಲ್ಲಾಗಿದ್ದರೆ ಜಾತಿಯವರು ಸುಮ್ಮನಿರುತ್ತಿರಲಿಲ್ಲ. ಪರವೂರಲ್ಲಿ ನೋಡುವವರಿಲ್ಲ, ಕೇಳುವವರಿಲ್ಲ. ಮನೆಗೆ ಬರೆದ ಕಾಗದದಲ್ಲಿ ‘ಹೋಟೆಲಿನಲ್ಲಿ ಕೆಲಸಕ್ಕಿದ್ದೇನೆ’ ಎಂದಷ್ಟೇ ಇದ್ದರೆ ಸಾಕಿತ್ತು.

ಹಾಗೆ ಹೋದವರಲ್ಲಿ ಕೆಲವರ ಹೆಸರು ಎಲ್ಲರಿಗೂ ಗೊತ್ತು. ಉಡುಪಿ ಸಮೀಪದ ಕಡಂದಲೆಯ ಕೃಷ್ಣರಾಯರು ಮಠದ ಅಡುಗೆಮನೆಯಲ್ಲಿ ಸಹಾಯಕರಾಗಿದ್ದವರು. ಮದರಾಸಿಗೆ ಹೋಗಿ ಹೋಟೆಲಿನ ಸಣ್ಣಪುಟ್ಟ ಚಾಕರಿ ಮಾಡಿ, 1930ರ ದಶಕದ ಕೊನೆಗೆ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಹುಡುಗರಾಗಿದ್ದಾಗ ಪಾತ್ರೆ ತೊಳೆದವರು. ಕಾರ್ಕಳದ ಜಯರಾಮ ಬನಾನ್ 1967ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಮನೆಬಿಟ್ಟು ಓಡಿಹೋದರು. ಪನ್ವೇಲ್ ಕಡೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅವರಿಗೆ ಸಿಕ್ಕಿದ್ದು ಪಾತ್ರೆ ತೊಳೆಯುವ ಕೆಲಸ, ತಿಂಗಳಿಗೆ 18 ರೂಪಾಯಿ ಸಂಬಳ. ಅಲ್ಲಿಂದ ಸಪ್ಲೈಯರ್, ಆಮೇಲೆ ಮ್ಯಾನೇಜರ್. 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲೊನಿಯಲ್ಲಿ ಅವರು ತೆರೆದ ‘ಸಾಗರ್’ ಮುಂದೆ ‘ಸಾಗರ್ ರತ್ನ’ವಾಗಿ ಬೆಳೆಯಿತು.

ಈ ಕಥೆಗಳನ್ನು ಸನ್ಮಾನ ಸಮಾರಂಭಗಳಲ್ಲಿ ಕೇಳದ ಕನ್ನಡಿಗರು ಕಡಿಮೆ. ಅವು ನಿಜವಾದ ಕಥೆಗಳು, ಹೆಮ್ಮೆ ಪಡಬೇಕಾದವು. ಆದರೆ ಹೇಳುವ ರೀತಿಯಲ್ಲಿ ಒಂದು ಅನ್ಯಾಯವಿದೆ. ತಟ್ಟೆ ತೊಳೆದದ್ದಕ್ಕೆ ಗೌರವ ಸಿಗುವುದು, ತೊಳೆದವನು ಧಣಿಯಾದ ಮೇಲೆ. ಅದೇ ಹೋಟೆಲಿನಲ್ಲಿ ಮೂವತ್ತು ವರ್ಷ ತಟ್ಟೆ ಎತ್ತಿ, ಊರಿಗೆ ಹಣ ಕಳಿಸಿ, ತಂಗಿಯ ಮದುವೆ ಮಾಡಿ, ಸೊಂಟ ನೋವಿನೊಂದಿಗೆ ಊರಿಗೆ ಮರಳಿದವನ ಕೆಲಸವೂ ಅದೇ ತಾನೆ? ಅವನನ್ನು ವೇದಿಕೆಗೆ ಕರೆದವರಿಲ್ಲ. ಕೆಳಗಿನ ಕೆಲಸವನ್ನು ಬಿಟ್ಟು ಮೇಲೆ ಹೋದವರನ್ನಷ್ಟೇ ಮೆಚ್ಚಿದರೆ, ಮೆಚ್ಚುಗೆ ಸಲ್ಲುವುದು ಆ ಕೆಲಸಕ್ಕಲ್ಲ, ಅದನ್ನು ಬಿಟ್ಟುಹೋದದ್ದಕ್ಕೆ.

ಹಾಗಾದರೆ ಆ ಕೆಲಸದಲ್ಲಿ ಕಲಿಯುವುದಕ್ಕೆ ಏನಿದೆ?

ಜನಜಂಗುಳಿಯ ಹೊತ್ತಿನಲ್ಲಿ ಒಬ್ಬ ಒಳ್ಳೆಯ ಸಪ್ಲೈಯರನನ್ನು ಗಮನಿಸಿದರೆ ಉತ್ತರ ಕಾಣುತ್ತದೆ. ಇರುವ ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಯಾರ ದೋಸೆ ಗರಿಗರಿ, ಯಾರ ಕಾಫಿಗೆ ಸಕ್ಕರೆ ಬೇಡ, ಯಾವ ಮೂಲೆಯವರು ಬೈ-ಟು ಹೇಳಿದ್ದಾರೆ, ಯಾರು ಬಸ್ಸು ಹಿಡಿಯುವ ಅವಸರದಲ್ಲಿದ್ದಾರೆ, ಇದ್ಯಾವುದನ್ನೂ ಬರೆದುಕೊಂಡಿರುವುದಿಲ್ಲ. ಎದ್ದು ಕೈ ತೊಳೆದು ಬರುವಷ್ಟರಲ್ಲಿ ಲೆಕ್ಕ ಸಿದ್ಧ. ಇದಕ್ಕೆ ‘ಅಭ್ಯಾಸಬಲ’ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಮನಶ್ಶಾಸ್ತ್ರಜ್ಞರು ಹಾಗೆ ಸುಮ್ಮನಾಗಲಿಲ್ಲ. ಅಮೆರಿಕದ ಕೊಲರಾಡೊದಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಪೀಟರ್ ಪೋಲ್ಸನ್ ಒಬ್ಬ ವೇಟರನ ನೆನಪಿನ ಶಕ್ತಿಯನ್ನು ವಿವರವಾಗಿ ಪರೀಕ್ಷಿಸಿ 1988ರಲ್ಲಿ ಅದರ ವರದಿ ಪ್ರಕಟಿಸಿದರು. ‘ಜೆ.ಸಿ.’ ಎಂದಷ್ಟೇ ಅವರು ಗುರುತಿಸಿದ ಆತ ಇಪ್ಪತ್ತರವರೆಗೂ ಊಟದ ಆರ್ಡರುಗಳನ್ನು ಬರೆದುಕೊಳ್ಳದೆ ನೆನಪಿಡುತ್ತಿದ್ದ. ಗಿರಾಕಿಗಳನ್ನು ನಾಲ್ಕು ನಾಲ್ಕು ಜನರ ಗುಂಪಾಗಿ ನೋಡುತ್ತಿದ್ದ. ಸಲಾಡಿನ ಮೇಲೆ ಹಾಕುವ ಸಾಸುಗಳ ಹೆಸರಿನ ಮೊದಲಕ್ಷರ ಕೂಡಿಸಿ ಒಂದು ಪದದಂತೆ ಇಟ್ಟುಕೊಳ್ಳುತ್ತಿದ್ದ. ಮಾಂಸ ಎಷ್ಟು ಬೇಯಬೇಕೆಂಬುದನ್ನು ಏರಿಳಿಯುವ ಗೆರೆಯಂತೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತಿದ್ದ. ಯಾರೂ ಹೇಳಿಕೊಡದೆ, ಕೆಲಸ ಮಾಡುತ್ತ ಮಾಡುತ್ತ ತಾನೇ ಕಟ್ಟಿಕೊಂಡ ವಿದ್ಯೆ ಅದು. ನಮ್ಮ ಹೋಟೆಲುಗಳ ಸಪ್ಲೈಯರುಗಳು ಯಾವ ಉಪಾಯ ಕಟ್ಟಿಕೊಂಡಿದ್ದಾರೋ, ಅವರನ್ನು ಕೂರಿಸಿ ಕೇಳಬೇಕು.

ನೆನಪು ಇದರ ಒಂದು ಭಾಗ ಮಾತ್ರ. ರೇಗುವ ಗಿರಾಕಿಯ ಮುಂದೆ ಮುಖ ಸಪ್ಪಗಾಗದಂತೆ ನಿಲ್ಲುವುದೂ ಈ ಕೆಲಸದ ಒಳಗೇ ಬರುತ್ತದೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಪರಿಚಾರಿಕೆಯರನ್ನು ಅಧ್ಯಯನ ಮಾಡಿ 1983ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಭಾವನೆಯ ದುಡಿಮೆ ಎಂದು ಗುರುತಿಸಿದರು. ತನ್ನ ಸಿಟ್ಟನ್ನು ಒತ್ತಿಹಿಡಿದು ಎದುರಿನವರಿಗೆ ಹಿತವೆನಿಸುವಂತೆ ನಗುವುದೂ ಮೈ ದಣಿಸುವ ಕೆಲಸವೇ ಎಂಬುದು ಅವರ ವಾದ. ಸಂಬಳದ ಚೀಟಿಯಲ್ಲಿ ಅದರ ಬಾಬ್ತು ಇರುವುದಿಲ್ಲ. ‘ಏಯ್’ ಎಂದು ಕರೆಸಿಕೊಂಡು ‘ಏನು ಬೇಕು ಸಾರ್’ ಎಂದು ಉತ್ತರಿಸುವ ಹುಡುಗ ಅದನ್ನು ದಿನಕ್ಕೆ ಎಷ್ಟೋ ಸಲ ಮಾಡುತ್ತಾನೆ.

ತಟ್ಟೆ ತೊಳೆಯುವ ಕೆಲಸದ ಬೆಲೆಯನ್ನು ಹೋಟೆಲಿನವರೇ ಕಂಡುಕೊಂಡ ಉದಾಹರಣೆ ಬೆಂಗಳೂರಿನಲ್ಲಿದೆ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ಮನೆಗಳಲ್ಲಿ ಅಡುಗೆ ಕೆಲಸಕ್ಕೆಂದು ಈ ಊರಿಗೆ ಬಂದವರು. 1924ರಲ್ಲಿ ಅವರು ಶುರುಮಾಡಿದ ಬ್ರಾಹ್ಮಣರ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದಾಗ ಅವರ ಮನಸ್ಸಿನಲ್ಲಿ ಉಳಿದದ್ದು ಅಲ್ಲಿನ ಹೋಟೆಲುಗಳ ಶುಚಿತ್ವ. ಬಂದವರೇ ಲೋಟ, ಚಮಚ, ತಟ್ಟೆಗಳನ್ನು ಹಬೆಯಲ್ಲಿ ಶುದ್ಧಮಾಡುವ ವ್ಯವಸ್ಥೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡೇ ಒಳಗೆ ಬರುವಂತಾಯಿತು. ಮೋರಿಯ ಪಕ್ಕದ ಕತ್ತಲೆಯಲ್ಲಿ ನಡೆಯುತ್ತಿದ್ದ ಕೆಲಸ ಅಲ್ಲಿ ಹೋಟೆಲಿನ ಹೆಸರನ್ನೇ ಕಾಪಾಡಿತು. ತೊಳೆಯುವವನು ಒಂದು ಹೊತ್ತು ಎಚ್ಚರ ತಪ್ಪಿದರೆ ಭಟ್ಟರ ಕೈರುಚಿಯೂ ಧಣಿಯ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಆ ಮನೆತನ ಅರಿತಿತ್ತು.

ಆದರೆ ಕೆಲಸ ತನ್ನಷ್ಟಕ್ಕೆ ತಾನೇ ಯಾರನ್ನೂ ಮೇಲಕ್ಕೆತ್ತಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ‘ಕಷ್ಟಪಟ್ಟರೆ ಮೇಲೆ ಬರುತ್ತಾನೆ’ ಎಂಬ ಸುಲಭದ ಮಾತು ಇಲ್ಲಿ ಸತ್ಯವನ್ನು ಮುಚ್ಚುತ್ತದೆ. ಮುಂಬಯಿಯ ಹೋಟೆಲು ಹುಡುಗರನ್ನು ಎತ್ತಿದ್ದು ರಾತ್ರಿ ಶಾಲೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮೊದಲಾದ ಸಂಘಗಳು ಕನ್ನಡ ಮಾಧ್ಯಮದ ರಾತ್ರಿ ಶಾಲೆಗಳನ್ನು ನಡೆಸಿದವು. ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆಯ ಹೆಸರು ಮುಂಬಯಿ ಕನ್ನಡಿಗರ ಬಾಯಲ್ಲಿ ಇವತ್ತಿಗೂ ಇದೆ. ಬೆಳಗಿನ ಜಾವ ಎದ್ದು ಕಪ್ಪು ಬಸಿ ತೊಳೆದವನು, ಸಂಜೆ ಧಣಿಯಿಂದ ಬಿಡುವು ಪಡೆದು, ಪುಸ್ತಕ ಹಿಡಿದು ಶಾಲೆಗೆ ಹೋಗುತ್ತಿದ್ದ. ರಾತ್ರಿ ಮರಳಿ ಹೋಟೆಲಿನಲ್ಲೇ ಟೇಬಲುಗಳನ್ನು ಜೋಡಿಸಿ ಮಲಗುತ್ತಿದ್ದ. ಹೀಗೆ ಓದಿ ಬ್ಯಾಂಕು, ರೈಲ್ವೆ, ವಕೀಲಿ ವೃತ್ತಿಗೆ ಹೋದವರು, ಬರೆಯುವವರಾದವರು ಬಹಳ. ಧಣಿ ಬಿಡುವು ಕೊಟ್ಟದ್ದಕ್ಕೂ ಕಾರಣವಿತ್ತು. ಎಷ್ಟೋ ಧಣಿಗಳು ತಾವೇ ಒಂದು ಕಾಲಕ್ಕೆ ತಟ್ಟೆ ತೊಳೆದವರು, ಹುಡುಗ ಅವರ ಊರಿನವನು, ಅವನ ತಾಯಿತಂದೆ ಅವರಿಗೆ ಗೊತ್ತಿದ್ದವರು.

ಎಲ್ಲ ಧಣಿಗಳೂ ಹಾಗಿರಲಿಲ್ಲ. ದುಡಿಮೆಗೆ ಹೊತ್ತುಗೊತ್ತಿಲ್ಲ, ರಜೆಯಿಲ್ಲ, ಸಂಬಳ ಧಣಿಯ ಮರ್ಜಿ. ಹತ್ತೊಂಬತ್ತರ ಹರೆಯದ ಜಾರ್ಜ್ ಫರ್ನಾಂಡಿಸ್ 1949ರ ಸುಮಾರಿಗೆ ಮಂಗಳೂರಿನಲ್ಲಿ ಕಾರ್ಮಿಕ ಸಂಘಟನೆಗೆ ಇಳಿದಾಗ ಅವರು ಮೊದಮೊದಲು ಒಗ್ಗೂಡಿಸಿದವರಲ್ಲಿ ಹೋಟೆಲು ಕಾರ್ಮಿಕರೂ ಇದ್ದರು. ಮಕ್ಕಳನ್ನು ಈ ಕೆಲಸದಿಂದ ಬಿಡಿಸುವುದಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು. 14 ವರ್ಷದೊಳಗಿನವರನ್ನು ಹೋಟೆಲು, ಡಾಬಾ, ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಹದಿಮೂರರ ಹುಡುಗ ಪಾತ್ರೆ ತೊಳೆದು ದೊಡ್ಡವನಾದ ಕಥೆಯನ್ನು ಕೇಳುವಾಗ ಈ ಕಾನೂನನ್ನೂ ನೆನಪಿಡಬೇಕು. ಒಬ್ಬರು ಗೆದ್ದರೆಂದು ಆ ವಯಸ್ಸಿನ ಚಾಕರಿ ಒಳ್ಳೆಯದಾಗುವುದಿಲ್ಲ.

ಈಗ ಹೋಟೆಲಿನ ಕೆಲಸದಲ್ಲಿ ಮೇಲೇರುವ ಮೆಟ್ಟಿಲುಗಳೇ ಕಡಿಮೆಯಾಗಿವೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದ ಮೇಲೆ ನಿಂತು ತಿನ್ನುವ ಪದ್ಧತಿ ಬೆಂಗಳೂರಿನ ಬೀದಿಬೀದಿಗೂ ಹಬ್ಬಿತು. ಕಡಿಮೆ ದುಡ್ಡಿಗೆ, ಬೇಗನೆ, ಬಿಸಿಬಿಸಿ ತಿಂಡಿ ಸಿಕ್ಕಿತು. ಟೋಕನ್ ಕೊಟ್ಟು ಗಿರಾಕಿಯೇ ತಟ್ಟೆ ಪಡೆಯುವಲ್ಲಿ ಸಪ್ಲೈಯರ್ ಬೇಕಿಲ್ಲ. ಉಳಿದವನು ಕ್ಲೀನರ್ ಒಬ್ಬನೇ. ತಟ್ಟೆ ಎತ್ತುವವನಿಗೆ ಕಣ್ಣೆದುರು ಕಾಣುತ್ತಿದ್ದ ಮುಂದಿನ ಮೆಟ್ಟಿಲು ಇಲ್ಲವಾಯಿತು. ಆ ಜಾಗದಲ್ಲಿ ಇಂದು ಕಾಣುವವರು ಬಹುಪಾಲು ಒಡಿಶಾ, ಅಸ್ಸಾಂ, ಬಿಹಾರ, ನೇಪಾಳದ ಕಡೆಯ ಹುಡುಗರು. ಧಣಿಗೆ ಅವರ ಊರು ಗೊತ್ತಿಲ್ಲ, ಗಿರಾಕಿಗೆ ಅವರ ಮಾತು ಗೊತ್ತಿಲ್ಲ. ಮುಂಬಯಿಯಲ್ಲಿ ರಾತ್ರಿ ಶಾಲೆಗಳೂ ಮಕ್ಕಳಿಲ್ಲದೆ ಒಂದೊಂದಾಗಿ ಸೊರಗಿದವು.

ಕೆಲಸ ನೋಡಿ ಮನುಷ್ಯರನ್ನು ಮೇಲು ಕೀಳು ಮಾಡುವ ಮನೋಭಾವ ಹೋಟೆಲಿನಾಚೆಗೂ ಉಳಿದಿದೆ. ಮನೆಗೆಲಸದವರಿಗೆ, ಊಟ ತಂದುಕೊಡುವ ಡೆಲಿವರಿ ಹುಡುಗರಿಗೆ ಬೇರೆ ಲಿಫ್ಟ್ ಇಟ್ಟಿರುವ ಅಪಾರ್ಟ್‌ಮೆಂಟುಗಳು ನಮ್ಮ ನಗರಗಳಲ್ಲಿವೆ. ಅವರು ತಂದ ಊಟ ಟೇಬಲಿಗೆ ಬರಬಹುದು, ಅವರು ಮಾತ್ರ ಅದೇ ಲಿಫ್ಟಿನಲ್ಲಿ ಬರಬಾರದು. ಇದನ್ನು ಭದ್ರತೆಯ ನಿಯಮ ಎನ್ನುತ್ತಾರೆ. ಮಡಿ ಮೈಲಿಗೆಯ ಹಳೆಯ ಪಟ್ಟಿಯನ್ನು ಬಲ್ಲವರಿಗೆ ಆ ವಿವರಣೆ ಸಾಲದು.

ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಇಂಥ ಒಂದು ನಿಯಮವನ್ನು ಮುರಿದರು. ಗಿರಾಕಿ ಇರಲಿ ಬಿಡಲಿ, ದಿನವಿಡೀ ನಿಂತೇ ಇರಬೇಕು, ಕೂತರೆ ದಂಡ ಎಂಬ ಪದ್ಧತಿಯ ವಿರುದ್ಧ ಅವರು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಡೆಲಿವರಿ ಹುಡುಗರಂಥ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯಲ್ಲಿ ಕಂಪನಿಗಳಿಂದ ವಂತಿಗೆ ಪಡೆದು ಕಲ್ಯಾಣ ನಿಧಿ ಕಟ್ಟುವ ಏರ್ಪಾಡಿದೆ. ಒಂದು ಕುರ್ಚಿ, ಒಂದು ನಿಧಿ ಸಣ್ಣ ವಿಷಯವಾಗಿ ಕಾಣಬಹುದು. ದಿನಕ್ಕೆ ಹತ್ತು ಗಂಟೆ ನಿಂತ ಕಾಲುಗಳಿಗೆ ಅದು ಸಣ್ಣದಲ್ಲ.

ಬೆಂಗಳೂರಿನ ಹೋಟೆಲುಗಳಿಗೆ ಬಂದಿರುವ ದೂರದ ಹುಡುಗರು ಕನ್ನಡದಲ್ಲಿ ಮೊದಲು ಕಲಿಯುವುದು ತಿಂಡಿಗಳ ಹೆಸರು, ಆಮೇಲೆ ಅಂಕಿಗಳು. ಅಲ್ಲಿಂದ ಮುಂದಕ್ಕೆ ಹೇಳಿಕೊಡುವವರು ಬೇಕು. ಮುಂಬಯಿ ನಮ್ಮ ಹುಡುಗರಿಗೆ ಸಂಜೆಯ ಹೊತ್ತು ಶಾಲೆಯ ಕೋಣೆಗಳನ್ನು ತೆರೆದಿಟ್ಟಿತ್ತು. ಇಲ್ಲಿ ಅಷ್ಟೂ ಬೇಕಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ನಡುವೆ ಹೋಟೆಲುಗಳಲ್ಲಿ ಒಂದೆರಡು ಗಂಟೆ ಜನ ಕಡಿಮೆ. ಬಡಾವಣೆಯ ನಾಲ್ಕಾರು ಹೋಟೆಲಿನವರು ಸೇರಿ, ನಿವೃತ್ತ ಮೇಷ್ಟ್ರೊಬ್ಬರನ್ನು ಕರೆದು, ಆ ಹೊತ್ತಿನಲ್ಲಿ ಕನ್ನಡವನ್ನೂ ಲೆಕ್ಕವನ್ನೂ ಕಲಿಸಬಹುದು. ಮನಸ್ಸಿದ್ದವರಿಗೆ ಅಡುಗೆಮನೆಯ ಕೆಲಸವನ್ನೂ ಗಲ್ಲೆಯ ಕೆಲಸವನ್ನೂ ಸರದಿಯ ಮೇಲೆ ತೋರಿಸಿಕೊಡಬಹುದು. ಇದಕ್ಕೆ ಹೊಸ ಕಟ್ಟಡವೂ ಬೇಡ, ಸರ್ಕಾರದ ಆದೇಶವೂ ಬೇಡ.